ಬೆರಾತ್‌ನಲ್ಲಿ ‘ಏನ್ರಿ’ಗೆ ಆದ ಅನ್ಯಾಯ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಅಲ್ಬೇನಿಯಾ ದೇಶದ ಬೆರಾತ್ ಎಂಬ ಊರಿನಲ್ಲಿ ಒಬ್ಬ ಮರ್ಯಾದಸ್ಥ ಗೃಹಸ್ಥನ ಸಂಸಾರ ಒಡೆದುಹೋಗಿದೆ ಎಂದು ಒಂದು ಹಾಲ್ ತುಂಬ ಜನ ಎರಡು ದಿನ ನಂಬಿ ಮರುಗಿದರು. ಆ ಗೃಹಸ್ಥರು ನಮ್ಮ ಯಲಬುರ್ಗಾದ ಶರಣಪ್ಪ ಮಾಸ್ತರು. ಅವರ ನಿಜವಾದ ಸಂಸಾರ ಯಲಬುರ್ಗಾದಲ್ಲಿ ಗಟ್ಟಿಮುಟ್ಟಾಗಿದೆ. ಒಡೆದವನು ನಾನು, ಒಡೆದದ್ದು ನನ್ನ ಮೊಬೈಲಿನಿಂದ, ಕಾರಣ ನಮ್ಮ ಕಡೆಯ ಹೆಂಗಸರು ದಿನಕ್ಕೆ ನೂರು ಸಲ ಅನ್ನುವ ಒಂದೇ ಒಂದು ಶಬ್ದ: ‘ಏನ್ರಿ’.

ನನ್ನ ಹೆಸರು ಮೌನೇಶ. ಹೆಸರಿಟ್ಟ ಅಜ್ಜಿಗೆ ಮುಂದಾಲೋಚನೆ ಇರಲಿಲ್ಲ. ಕುಷ್ಟಗಿಯಲ್ಲಿ ಪ್ರಚಾರದ ಆಟೋಗಳಿಗೆ ಧ್ವನಿ ಕೊಡುವುದು ನನ್ನ ಉದ್ಯೋಗ. ಸೀರೆ ಅಂಗಡಿಯ ರಿಯಾಯಿತಿಯೂ ನನ್ನ ಬಾಯಿಂದಲೇ, ಕಳೆದುಹೋದ ಎಮ್ಮೆಯ ಹುಡುಕಾಟವೂ ನನ್ನ ಬಾಯಿಂದಲೇ. ಮಿಕ್ಕ ಹೊತ್ತಿನಲ್ಲಿ ಊರವರ ಧ್ವನಿ ಅಣಕಿಸುತ್ತೇನೆ. ಅಪ್ಪನ ಕೆಮ್ಮನ್ನು ಅಪ್ಪನಿಗಿಂತ ಚೆನ್ನಾಗಿ ಕೆಮ್ಮುತ್ತೇನೆ. ಒಮ್ಮೆ ಅವ್ವ ಒಳಗಿನಿಂದ ಕಷಾಯ ಮಾಡಿಕೊಂಡು ಬಂದು, ಕೆಮ್ಮಿದವನು ನಾನೆಂದು ತಿಳಿದ ಮೇಲೂ ಬಿಡದೆ ನನಗೇ ಕುಡಿಸಿದಳು. ಬೆರಾತ್‌ಗೆ ಹೋಗುತ್ತೇನೆ ಎಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. “ಯಾರ ಬರಾತೋ? ಮದುವಿ ಅಷ್ಟು ದೂರ ಯಾಕ ಇಟಕೊಂಡಾರ?”

ಕೊಪ್ಪಳ: ದುರ್ಯೋಧನನ ಕೈಗೆ ಪೇಪರ್

ನಾಟಕ ಹದಿನೈದು ನಿಮಿಷದ್ದು. ಹೆಸರು ‘ಹೂಂ’. ಬರೆದವರೂ ಹೆಂಡತಿಯ ಪಾತ್ರ ಮಾಡುವವರೂ ಪದ್ಮಕ್ಕ. ಗಂಗಾವತಿ ಹತ್ತಿರದ ಶ್ರೀರಾಮನಗರದವರು, ಮನೆಮಾತು ತೆಲುಗು, ಶಾಲೆಯಲ್ಲಿ ಕಲಿಸುವುದು ಕನ್ನಡ. ಸಿಟ್ಟು ಬಂದರೆ ಎರಡೂ ಭಾಷೆ ಬಿಟ್ಟು ಸುಮ್ಮನಾಗುತ್ತಾರೆ, ಅದು ಇನ್ನೂ ಅಪಾಯ.

ರಂಗದ ಮೇಲೆ ಒಬ್ಬ ಗಂಡ, ಒಂದು ಕುರ್ಚಿ, ಒಂದು ಪೇಪರ್. ಹೆಂಡತಿ ಅಡುಗೆಮನೆಯಿಂದ ಕರೆಯುತ್ತಲೇ ಇರುತ್ತಾಳೆ. ಏನ್ರಿ, ಗ್ಯಾಸ್ ಮುಗೀತು. ಏನ್ರಿ, ಮಗಳು ಫೋನ್ ಮಾಡಿದ್ಲು. ಏನ್ರಿ, ನನಗ ಎದಿ ನೋಯಾಕತ್ತೈತಿ. ಏನ್ರಿ, ನಾ ಸತ್ತೆ. ಗಂಡ ಎಲ್ಲದಕ್ಕೂ ಪೇಪರ್ ಇಳಿಸದೆ ‘ಹೂಂ’ ಅನ್ನುತ್ತಾನೆ. ಕೊನೆಗೆ ಅವಳು ಹೊರಗೆ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಅವನೆದುರು ನಿಂತು, ಬದುಕಿನಲ್ಲಿ ಮೊದಲ ಸಲ ಅವನ ಹೆಸರು ಹಿಡಿದು ಕರೆಯುತ್ತಾಳೆ: ‘ಬಸವರಾಜ’. ಪೇಪರ್ ಕೈಯಿಂದ ಜಾರುತ್ತದೆ. ದೀಪ ಆರುತ್ತದೆ. ಮುಗಿಯಿತು.

ಗಂಡನ ಪಾತ್ರ ಶರಣಪ್ಪ ಮಾಸ್ತರದು. ಅವರು ಮಾಸ್ತರಲ್ಲ, ಗಂಗಾವತಿ ತಾಲೂಕು ಕಚೇರಿಯ ಗುಮಾಸ್ತರು. ಆದರೆ ಬಯಲಾಟ ಕಲಿಸುವವರಿಗೆ ನಮ್ಮಲ್ಲಿ ಮಾಸ್ತರ ಎಂದೇ ಹೆಸರು. ಇಪ್ಪತ್ತು ವರ್ಷ ದುರ್ಯೋಧನನಾಗಿ ಗದೆ ತಿರುಗಿಸಿದವರು. ಈ ನಾಟಕದ ಬೀಜ ಸಿಕ್ಕಿದ್ದೂ ಅವರ ಕಚೇರಿಯಲ್ಲೇ. ಅರ್ಜಿ ತುಂಬಿಸುವಾಗ ಗಂಡನ ಹೆಸರೇನು ಎಂದು ಕೇಳಿದರೆ ಹಳ್ಳಿಯ ವಯಸ್ಸಾದ ಹೆಂಗಸರು ಇವತ್ತಿಗೂ ಬಾಯಿ ಬಿಡುವುದಿಲ್ಲ. ಪಕ್ಕದವಳನ್ನು ತಿವಿಯುತ್ತಾರೆ, ಇಲ್ಲವೇ ಒಗಟು ಹಾಕುತ್ತಾರೆ. “ಏಳು ಗುಡ್ಡದ ಮ್ಯಾಲ ನಿಂತಾನಲ್ರಿ, ಅವನ ಹೆಸರು.” ಮಾಸ್ತರು ವೆಂಕಟೇಶ ಎಂದು ಬರೆದುಕೊಳ್ಳುತ್ತಾರೆ. “ಶಿವನ ಮುಂದ ಕುಂತಿರತಾನಲ್ರಿ, ಅವನು.” ಬಸವರಾಜ. ಒಮ್ಮೆ ಪದ್ಮಕ್ಕ ಯಾವುದೋ ದಾಖಲೆಗೆ ಹೋದವರು ಇದನ್ನು ಕಂಡು ಮೊದಲು ನಕ್ಕರಂತೆ. ಆಮೇಲೆ ಅವರ ಸರದಿ ಬಂತು. ಗಂಡನ ಹೆಸರೇನು ಎಂದು ಮಾಸ್ತರು ಕೇಳಿದರು. ಬಿಎಡ್ ಓದಿದ ಪದ್ಮಕ್ಕ ತಮ್ಮ ಆಧಾರ್ ಕಾರ್ಡನ್ನು ಮಾಸ್ತರ ಮುಂದೆ ಸರಿಸಿ ಅದರ ಮೇಲೆ ಬೆರಳಿಟ್ಟರು.

ಮಾಸ್ತರ ಅಳಲು ಬೇರೆಯೇ. ಇಡೀ ನಾಟಕದಲ್ಲಿ ಅವರಿಗೆ ‘ಹೂಂ’ ಬಿಟ್ಟರೆ ಮಾತಿಲ್ಲ. ಹನ್ನೊಂದು ನಮೂನೆಯ ಹೂಂ ಕಲಿತಿದ್ದಾರೆ, ಒಂದೊಂದೂ ಅಪ್ಪಟ. ಆದರೆ ಗದೆ ಹಿಡಿದ ಕೈಗೆ ಪೇಪರ್ ಕೊಟ್ಟರೆ ಅದು ತಡೆದೀತೆ? ತಾಲೀಮಿನ ಪ್ರತಿ ದಿನ ಒಂದೇ ತಕರಾರು.

“ಹೆಸರು ಹಿಡದು ಕರದಳು, ಗಂಡ ಸುಮ್ಮನ ಕುಂತ ಅಂದ್ರ ಹೆಂಗ್ರಿ ಮೇಡಂ? ಒಂದು ಮಾತು ಕೊಡ್ರಿ. ಒಂದ ಒಂದು.”

“ಆ ಹೆಸರಿನ ಮ್ಯಾಲ ಮಾತು ಇಲ್ರಿ ಮಾಸ್ತರ. ಇದ್ದಿದ್ರ ನಾನ ಬರೀತಿದ್ದೆ.”

“ನಿಮ್ಮ ಮನಿಯಾಗ ಒಮ್ಮೆ ಕರದು ನೋಡ್ರಿ. ನಿಮ್ಮ ಯಜಮಾನರು ಏನಂತಾರ, ಅದನ್ನ ಬರಕೊಡ್ರಿ.”

ಇಲ್ಲಿಗೆ ಪದ್ಮಕ್ಕ ಸುಮ್ಮನಾಗುತ್ತಿದ್ದರು. ಅವರ ಯಜಮಾನರಿಗೆ ಗೊಬ್ಬರದ ಅಂಗಡಿ ಇದೆ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಕರೆದದ್ದೆಲ್ಲ ‘ಏಮಂಡಿ’ ಎಂದು. ನಮ್ಮ ಏನ್ರಿಗೆ ತೆಲುಗಿನ ತಂಗಿ. ಅವರ ನಾಟಕವನ್ನು ಯಜಮಾನರು ಒಮ್ಮೆಯೂ ನೋಡಿದವರಲ್ಲ. ಹದಿನೈದು ನಿಮಿಷದ್ದಕ್ಕೆ ಅಂಗಡಿ ಮುಚ್ಚುವುದೇಕೆ ಎಂಬುದು ಅವರ ವಾದ.

ಅಲ್ಬೇನಿಯಾದ ಕಿರುನಾಟಕಗಳ ಮೇಳಕ್ಕೆ ಅರ್ಜಿ ಹಾಕಿದವನು ನಾನು, ಚೇಷ್ಟೆಗೆ. ಸಂಬಂಧಗಳ ಬಗ್ಗೆ, ದಿನನಿತ್ಯದ ಬದುಕಿನ ಬಗ್ಗೆ, ಇಪ್ಪತ್ತು ನಿಮಿಷ ಮೀರದ ನಾಟಕ ಬೇಕು ಎಂದಿತ್ತು. ಆಯ್ಕೆಯಾಯಿತೆಂದು ಪತ್ರ ಬಂದಾಗ ಪದ್ಮಕ್ಕ ನಗಲಿಲ್ಲ. “ನಮ್ಮೂರಾಗ ಕೊನೀ ಮಾತಿಗೆ ನಗತಾರ, ಇಲ್ಲಾಂದ್ರ ಬೈತಾರ. ಯಾಕಂದ್ರ ಪದ್ಧತಿ ಗೊತ್ತೈತಿ. ಪದ್ಧತಿ ಗೊತ್ತಿಲ್ಲದ ಮಂದಿಗೂ ಆ ಹೆಸರು ನಾಟಬೇಕು ಮೌನೇಶ. ನಾಟಲಿಲ್ಲಂದ್ರ ನಾ ಬರದದ್ದು ನಾಟಕ ಅಲ್ಲ, ಮನಿ ಚಾಡಿ.”

ಅಲ್ಲಿಯ ಜನಕ್ಕೆ ತಿಳಿಯಲು ರಂಗದ ಮೇಲ್ಗಡೆ ಸಬ್‌ಟೈಟಲ್ ಬೇಕಿತ್ತು. ನಾನು ಮಾಡುತ್ತೇನೆ ಎಂದೆ. ಮೊಬೈಲಿಗೆ ಕನ್ನಡ ಹಾಕಿದೆ, ಅದು ಅಲ್ಬೇನಿಯನ್ ಉಗುಳಿತು. ಒಂದಕ್ಷರ ನನಗೆ ತಿಳಿಯಲಿಲ್ಲ, ಒಂದು ಶಬ್ದ ಬಿಟ್ಟು. ಪ್ರತಿ ಸಾಲಿನ ಮೊದಲಿಗೆ ‘ಏನ್ರಿ’ ಇಂಗ್ಲಿಷ್ ಲಿಪಿಯಲ್ಲಿ ಹಾಗೇ ನಿಂತಿತ್ತು. ಯಂತ್ರಕ್ಕೂ ನಮ್ಮ ಮರ್ಯಾದೆಯ ಮಾತು ಮುಟ್ಟುವ ಧೈರ್ಯ ಬಂದಿಲ್ಲ ಎಂದು ನಾನು ಹಿಗ್ಗಿದೆ. ಪದ್ಮಕ್ಕನಿಗೆ ತೋರಿಸಿ, ನೋಡ್ರಿ ಅಕ್ಕಾರ, ಮೂವತ್ತೆರಡು ಏನ್ರಿ, ಒಂದೂ ಕಡಿಮೆ ಇಲ್ಲ ಎಂದು ಬೆನ್ನು ತಟ್ಟಿಸಿಕೊಂಡೆ.

ಟಿರಾನಾ: ಪೋ ಮತ್ತು ಯೋ

ಅಲ್ಬೇನಿಯಾದವರು ಹೌದು ಎನ್ನಲು ತಲೆಯನ್ನು ಅಡ್ಡ ಆಡಿಸುತ್ತಾರೆ, ಇಲ್ಲ ಎನ್ನಲು ಮೇಲೆ ಕೆಳಗೆ. ಬಾಯಿಂದ ಹೌದೆಂದರೆ ‘ಪೋ’, ಇಲ್ಲವೆಂದರೆ ‘ಯೋ’. ಇದನ್ನು ಯಾರಾದರೂ ವಿಮಾನ ಇಳಿಯುವ ಮೊದಲೇ ಹೇಳಬೇಕಿತ್ತು.

ವಿಮಾನ ನಿಲ್ದಾಣದ ಹೊರಗಿನ ಕಾಫಿ ಅಂಗಡಿಯಲ್ಲಿ ಪದ್ಮಕ್ಕ ಒಂದು ಖಾಲಿ ಕುರ್ಚಿ ತೋರಿಸಿ, ಕೂರಬಹುದೇ ಎಂದು ಅಂಗಡಿಯಾಕೆಯನ್ನು ಕೈಸನ್ನೆಯಲ್ಲಿ ಕೇಳಿದರು. ಆಕೆ ನಗುತ್ತ ತಲೆ ಅಡ್ಡ ಆಡಿಸಿ “ಪೋ, ಪೋ” ಎಂದಳು. ತೆಲುಗು ಮನೆಯಲ್ಲಿ ಹುಟ್ಟಿದ ಯಾರಿಗಾದರೂ ಪೋ ಎಂದರೆ ಒಂದೇ ಅರ್ಥ: ನಡಿ ಆಚೆ. ಪದ್ಮಕ್ಕ ಮುಖ ಕೆಂಪು ಮಾಡಿಕೊಂಡು ಬ್ಯಾಗು ಎತ್ತಿ ಬಿಸಿಲಿಗೆ ಹೋಗಿ ನಿಂತರು. ಪಾಪ, ಅಂಗಡಿಯಾಕೆ ಕುರ್ಚಿಯನ್ನೇ ಎತ್ತಿಕೊಂಡು ಹಿಂದೆ ಓಡಿದಳು. ಕುರ್ಚಿ ಹಿಡಿದು ಪೋ ಪೋ ಎನ್ನುತ್ತ ಬೆನ್ನಟ್ಟಿ ಬರುವ ಹೆಂಗಸನ್ನು ಕಂಡು ಪದ್ಮಕ್ಕ ಇನ್ನೂ ದೂರ ಹೋದರು.

ಒಳಗೆ ಮಾಸ್ತರು ಕಾಫಿಗೆ ಹಾಲು ಉಂಟೇ ಎಂದು ಕೇಳಿ, “ಯೋ, ಯೋ” ಎಂಬ ಉತ್ತರ ಪಡೆದು ಕೂತಿದ್ದರು. “ಹಾಲು ಕೇಳಿದ್ರ ಯೋ ಯೋ ಅಂತ ಕರೀತಾಳಲ್ಲೋ ಮೌನೇಶ. ನಾ ಏನು ಅಕಿ ಮನಿ ಆಳೇನು?”

ನಮ್ಮನ್ನು ಕರೆದೊಯ್ಯಲು ಬಂದಿದ್ದ ದ್ರಿತಾ ಬಂದು ಎಲ್ಲವನ್ನೂ ಬಿಡಿಸಿ ಹೇಳಿದಳು. ಆಕೆ ಬೆರಾತ್‌ನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ನಾನು ನಮ್ಮ ಕಡೆಯ ತಲೆಯಾಡಿಸುವಿಕೆ ತೋರಿಸಿದೆ: ಹೌದೂ ಅಲ್ಲ, ಇಲ್ಲವೂ ಅಲ್ಲ, ನೋಡೋಣ ಎನ್ನುವುದು. ಅದನ್ನು ಕಂಡು ಕಾರಿನ ಚಾಲಕ, ಈ ಹುಡುಗನಿಗೆ ಕುತ್ತಿಗೆ ಉಳುಕಿದೆಯೇ ಎಂದು ದ್ರಿತಾಳನ್ನು ಕೇಳಿದನಂತೆ.

ಬೆರಾತ್: ಮೊದಲ ಸಂಜೆ

ಬೆರಾತ್ ಒಂದು ಗುಡ್ಡ, ಗುಡ್ಡದ ತಲೆಗೆ ಕೋಟೆ, ಕೆಳಗೆ ನದಿ, ನಡುವೆ ಒಂದರ ಹೆಗಲ ಮೇಲೊಂದು ಹತ್ತಿ ಕೂತ ಬಿಳಿ ಮನೆಗಳು. ಎಲ್ಲ ಮನೆಗೂ ಸಾಲು ಸಾಲು ಕಿಟಕಿ. ಕೊಪ್ಪಳದ ಕೋಟೆ ಕಂಡವನಿಗೆ ಕೋಟೆ ಹೊಸದಲ್ಲ. ಕಿಟಕಿಗಳ ಸಂಖ್ಯೆ ಮಾತ್ರ ಗಾಬರಿ ಹುಟ್ಟಿಸಿತು. ನಮ್ಮೂರಲ್ಲಿ ಇಷ್ಟು ಕಿಟಕಿ ಇದ್ದಿದ್ದರೆ ಯಾರ ಸಂಸಾರವೂ ಒಂದು ವಾರ ತಡೆಯುತ್ತಿರಲಿಲ್ಲ. ಬೀದಿಬೀದಿಗೆ ದಾಳಿಂಬೆ ಗಿಡ, ಇನ್ನೂ ಹೀಚು. ಕುಷ್ಟಗಿಯವನಾದ ನಾನು ಎರಡನ್ನು ಮುಟ್ಟಿ ನೋಡಿ, ನಮ್ಮ ತೋಟದವರ ಧ್ವನಿಯಲ್ಲಿ, ಔಷಧ ಕಡಿಮೆ ಬಿದ್ದೈತಿ ಎಂದು ತೀರ್ಪು ಕೊಟ್ಟೆ.

ಶುಕ್ರವಾರ ಸಂಜೆ ಆರು ಗಂಟೆಗೆ ನಮ್ಮ ನಾಟಕ. ಹಾಲ್ ತುಂಬಿತ್ತು. ಪರದೆಯ ಹಿಂದೆ ನಾನೊಬ್ಬನೇ ಒಂದು ಸಂತೆ. ಬಾಯಿಂದ ಕುಕ್ಕರ್ ಸೀಟಿ, ಸ್ಕೂಟರು, ಎಮ್ಮೆ. ಬಲಗೈ ಬೆರಳಿನಿಂದ ಲ್ಯಾಪ್‌ಟಾಪಿನಲ್ಲಿ ಸಬ್‌ಟೈಟಲ್. ನಾಟಕದ ನಡುವೆ ಹಾಲಿನವನೊಬ್ಬ ಬರುತ್ತಾನೆ, ಅದೂ ನನ್ನದೇ ಧ್ವನಿ: “ಅಕ್ಕಾರ, ಹಾಲ್ರೀ.” ಅವನಿಗೆ ಮಾತ್ರ ಹೆಂಡತಿ ನಗುನಗುತ್ತ ಉತ್ತರ ಕೊಡುತ್ತಾಳೆ, ಏಕೆಂದರೆ ಅವಳ ದಿನದಲ್ಲಿ ‘ಹೂಂ’ ಅನ್ನದ ಗಂಡಸು ಅವನೊಬ್ಬನೇ. ಈ ಹಾಲಿನವನನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಪದ್ಮಕ್ಕ ಆ ದಿನ ನಟಿಸಲಿಲ್ಲ, ಬದುಕಿದರು. ಮಾಸ್ತರ ಎಂಟನೇ ಹೂಂಗೆ ಒಬ್ಬ ಮುದುಕ ಎದ್ದು ನಿಂತು ಸಿಟ್ಟಿನಿಂದ ಏನೋ ಅಂದ, ಪಕ್ಕದವರು ಜಗ್ಗಿ ಕೂರಿಸಿದರು. ಕೊನೆಗೆ ಪದ್ಮಕ್ಕ ಹೊರಬಂದು, ಕೈ ಒರೆಸಿಕೊಂಡು, ‘ಬಸವರಾಜ’ ಎಂದರು.

ಇಡೀ ಹಾಲ್ ಉಸಿರು ಒಳಗೆಳೆದುಕೊಂಡಿತು. ಅಂಥ ಸದ್ದನ್ನು ನಾನು ಗಂಗಾವತಿಯಲ್ಲಿ ಕೇಳಿರಲಿಲ್ಲ, ಕೊಪ್ಪಳದಲ್ಲೂ ಇಲ್ಲ. ಒಬ್ಬಾಕೆ ಬಾಯಿಗೆ ಕೈ ಇಟ್ಟುಕೊಂಡಳು. ಪೇಪರ್ ಜಾರಿತು, ದೀಪ ಆರಿತು, ಚಪ್ಪಾಳೆ ನಿಲ್ಲಲೇ ಇಲ್ಲ. ಕೈಮುಗಿಯಲು ನಾನೂ ಪರದೆ ಸರಿಸಿ ಬಂದೆ, ಹಾಲಿನವನ ಧ್ವನಿಯಲ್ಲಿ ಒಂದು ಸಲ “ಹಾಲ್ರೀ” ಎಂದೆ. ಚಪ್ಪಾಳೆ ಫಕ್ಕನೆ ನಿಂತಿತು. ಮುಂದಿನ ಸಾಲಿನ ಮುದುಕಿಯೊಬ್ಬಳು ನನ್ನತ್ತ ಬೆರಳು ಆಡಿಸಿದಳು. ನನ್ನ ಕಲೆಗೆ ಬೆರಗಾಗಿದ್ದಾರೆ ಎಂದುಕೊಂಡು ನಾನು ಇನ್ನಷ್ಟು ಬಾಗಿದೆ.

ಆ ಸಂಜೆ ಪದ್ಮಕ್ಕ ನೆಲದ ಮೇಲೆ ಇರಲಿಲ್ಲ. “ಉಸಿರು ಕೇಳಿದಿಯೇನೋ? ನಾಟಿತು. ಪದ್ಧತಿ ಗೊತ್ತಿಲ್ಲ, ಭಾಷಾ ಗೊತ್ತಿಲ್ಲ, ಆದ್ರೂ ನಾಟಿತು,” ಎಂದು ಮೂರು ಸಲ ಹೇಳಿದರು.

ಬೆರಾತ್: ಊರಿಗೆಲ್ಲ ಸಕ್ಕರೆ ಕಾಯಿಲೆ

ಬೆರಾತ್‌ನಲ್ಲಿ ಒಂದು ವಿಚಿತ್ರ ಪದ್ಧತಿ. ಹೊತ್ತು ಇಳಿಯುವಾಗ ಊರಿಗೆ ಊರೇ ಒಳ್ಳೆಯ ಬಟ್ಟೆ ಹಾಕಿಕೊಂಡು ನದಿ ಪಕ್ಕದ ರಸ್ತೆಗೆ ಬರುತ್ತದೆ. ಆ ತುದಿಯವರೆಗೆ ನಡೆಯುತ್ತಾರೆ, ತಿರುಗುತ್ತಾರೆ, ಈ ತುದಿಯವರೆಗೆ ನಡೆಯುತ್ತಾರೆ. ಯಾರೂ ಎಲ್ಲಿಗೂ ಹೋಗುತ್ತಿಲ್ಲ. ನಮ್ಮಲ್ಲಿ ಸಂಜೆ ಹೊತ್ತು ಕೆಲಸವಿಲ್ಲದೆ ಬಿರಬಿರನೆ ನಡೆಯುವವರು ಡಾಕ್ಟರು ಹೇಳಿ ಕಳಿಸಿದವರು ಮಾತ್ರ. ಮಾಸ್ತರು ನೋಡಿ ನೋಡಿ ನಿಟ್ಟುಸಿರು ಬಿಟ್ಟರು. “ಪಾಪ, ಇಡೀ ಊರಿಗೆ ಶುಗರ್ ಐತೋ.”

ನಾಟಕ ಮುಗಿದ ಸಂಜೆಯ ಈ ನಡಿಗೆಯಲ್ಲೇ ಏನೋ ಹದ ತಪ್ಪಿದೆ ಎಂದು ನನಗೆ ಮೊದಲು ಅನಿಸಿದ್ದು. ಎದುರು ಬಂದವರೆಲ್ಲ ಮಾಸ್ತರನ್ನು ನಿಲ್ಲಿಸಿ, ಎರಡೂ ಕೈಯಿಂದ ಅವರ ಕೈ ಹಿಡಿದು, “ಎನ್ರಿ, ಎನ್ರಿ” ಎಂದು ತಲೆ ಅಲ್ಲಾಡಿಸುತ್ತಿದ್ದರು. ನೋಡ್ರಿ, ಒಂದೇ ದಿನದಲ್ಲಿ ಕನ್ನಡ ಕಲಿತುಬಿಟ್ಟರು ಎಂದು ಮಾಸ್ತರಿಗೆ ಕಣ್ಣು ತುಂಬಿತು. ಅವರೂ ಪ್ರತಿಯೊಬ್ಬರಿಗೆ “ಏನ್ರಿ, ಆರಾಮ್ರೀ?” ಎನ್ನುತ್ತ ನಡೆದರು. ನನಗೆ ಮಾತ್ರ ಯಾರೂ ಕೈ ಕೊಡಲಿಲ್ಲ. ಒಬ್ಬ ಗಂಡ ನನ್ನನ್ನು ಕಂಡು ತನ್ನ ಹೆಂಡತಿಯನ್ನು ರಸ್ತೆಯ ಆ ಬದಿಗೆ ಸರಿಸಿಕೊಂಡ.

ಮರುದಿನ ಬೆಳಗ್ಗೆ ಕಾಫಿ ಅಂಗಡಿಯಲ್ಲಿ ಗುಟ್ಟು ಒಡೆಯಿತು. ಅಲ್ಲಿ ಒಂದು ಬೆರಳುದ್ದದ ಕಪ್ಪಿನ ಕಾಫಿಗೆ ಎರಡು ತಾಸು ಕೂರುತ್ತಾರೆ. ಕುಷ್ಟಗಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಹೀಗೆ ಕೂತರೆ ಮಾಲಕ ಕಾಲ ಮೇಲೆ ನೀರು ಚೆಲ್ಲಿ ನೆಲ ಒರೆಸಲು ಶುರು ಮಾಡುತ್ತಾನೆ. ಅಂಗಡಿಯ ಯಜಮಾನ ಮಾಸ್ತರ ಮುಂದೆ ಕಾಫಿ, ರೊಟ್ಟಿ, ಚೀಸು, ಒಂದು ಸಣ್ಣ ಗ್ಲಾಸಿನಲ್ಲಿ ಊರ ಸಾರಾಯಿ ಎಲ್ಲ ಇಟ್ಟ. ನನ್ನ ಮುಂದೆ ಬಿಲ್ಲನ್ನೂ ಇಡಲಿಲ್ಲ. ಆಗ ದ್ರಿತಾ ಪದ್ಮಕ್ಕನ ಕಡೆ ಬಾಗಿ, ನಿನ್ನೆಯಿಂದ ತಡೆದಿಟ್ಟುಕೊಂಡ ಪ್ರಶ್ನೆ ಕೇಳಿದಳು. ಇಂಗ್ಲಿಷಿನಲ್ಲಿ ಕೇಳಿದ್ದು, ಅರ್ಥ ಹೀಗೆ: ಎಷ್ಟು ಧೈರ್ಯದ ನಾಟಕ ಬರೆದಿದ್ದೀರಿ. ಆದರೆ ಆ ಹೆಂಗಸು ಬಸವರಾಜನ ವಿಷಯವನ್ನು ಎನ್ರಿಗೆ ಮೊದಲೇ ಏಕೆ ಹೇಳಲಿಲ್ಲ?

ಪದ್ಮಕ್ಕನ ಕೈಯ ಕಾಫಿ ಮೇಜಿಗೂ ತುಟಿಗೂ ನಡುವೆ ನಿಂತಿತು. ಎನ್ರಿ ಅಂದರೆ ಯಾರು ಎಂದು ಕೇಳಿದರು. ಗಂಡ, ಎಂದಳು ದ್ರಿತಾ. ಎನ್ರಿ ನಮ್ಮಲ್ಲಿ ಗಂಡಸರ ಹೆಸರು, ನನ್ನ ಚಿಕ್ಕಪ್ಪನೂ ಎನ್ರಿ. ನಿಮ್ಮಲ್ಲೂ ಅದೇ ಹೆಸರಿದೆ ಎಂದು ನಮಗೆಲ್ಲ ಎಷ್ಟು ಸಂತೋಷವಾಯಿತು ಗೊತ್ತೆ?

ಹೀಗೆ. ಮೂವತ್ತೆರಡು ಸಲ ಎನ್ರಿ ಎಂಬ ಗಂಡನನ್ನು ಕರೆದ ಹೆಂಡತಿ ಕೊನೆಗೆ ಅವನ ಮುಖಕ್ಕೇ ಬೇರೊಬ್ಬನ ಹೆಸರು ಹೇಳಿದ್ದಳು. ಆ ಬೇರೊಬ್ಬ ಯಾರು? ನಗುನಗುತ್ತ ಮಾತಾಡಿಸುತ್ತಿದ್ದಳಲ್ಲ, ಪರದೆಯ ಹಿಂದಿನ ಹಾಲಿನವನು. ಅಂದರೆ ನಾನು. ಕೊನೆಗೆ ನಾಚಿಕೆಯಿಲ್ಲದೆ ಹೊರಬಂದು ‘ಹಾಲ್ರೀ’ ಎಂದು ಬಾಗಿದವನು. ಬೆರಾತ್ ಊರಿಗೆ ನಾನೇ ಬಸವರಾಜ.

ಮಾಸ್ತರು ಸಾರಾಯಿ ಗ್ಲಾಸನ್ನು ಎರಡು ಬೆರಳಿನಿಂದ ಆಚೆ ದೂಡಿದರು. “ಅಂದ್ರ ನಿನ್ನೆ ಕೈ ಹಿಡದು ಹಿಡದು ಅಲ್ಲಾಡಿಸಿದ್ದು...” ಎಂದು ಅರ್ಧಕ್ಕೆ ನಿಂತರು. ಸಮಾಧಾನ ಹೇಳಿದ್ದು ಎಂದು ನಾನು ಪೂರ್ತಿ ಮಾಡಿದೆ.

ನಾನು ನಗಿಸಲು ನೋಡಿದೆ. ಹಾಲಿನವನ ಧ್ವನಿ ತೆಗೆದೆ, ದ್ರಿತಾಳ ಚಿಕ್ಕಪ್ಪನ ಧ್ವನಿ ಊಹಿಸಿ ತೆಗೆದೆ. ಪದ್ಮಕ್ಕ ಎರಡೂ ಭಾಷೆ ಬಿಟ್ಟಿದ್ದರು. ಕೊನೆಗೆ ಕಾಫಿ ಪಕ್ಕಕ್ಕೆ ಸರಿಸಿ ಅಂದದ್ದು ಇಷ್ಟೇ. “ಆ ಉಸಿರು ನಾ ಬರದ ಹೆಸರಿಗಲ್ಲ ಹಂಗಾದ್ರ. ಕಳ್ಳ ಸಂಬಂಧಕ್ಕ.”



ಬೆರಾತ್: ಒಂದು ಹಾಸಿಗೆ ಬಟ್ಟೆ

ಮೇಳದ ನಿಯಮದಂತೆ ಪ್ರತಿ ನಾಟಕಕ್ಕೆ ಎರಡು ಪ್ರದರ್ಶನ. ನಮ್ಮ ಎರಡನೆಯದು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ. ನಡುವಿನ ಶನಿವಾರ, ಅಂದರೆ ಅದೇ ದಿನ, ಬೇರೆ ದೇಶದವರ ನಾಟಕ ನೋಡುವುದಿತ್ತು. ಪದ್ಮಕ್ಕ ಬರುವುದಿಲ್ಲ ಎಂದರು. ಮಾಸ್ತರು ಒಬ್ಬರೇ ಹೊರಗೆ ಹೊರಟರೆ ದಾರಿಯಲ್ಲಿ ಜನ ತಬ್ಬಿಕೊಳ್ಳುತ್ತಾರೆ ಎಂಬ ಕಾರಣಕ್ಕೆ ಕೊನೆಗೆ ಪದ್ಮಕ್ಕನೂ ಬಂದರು.

ಫಿನ್‌ಲ್ಯಾಂಡಿನ ನಾಟಕದಲ್ಲಿ ಗಂಡ ಹೆಂಡತಿ ಕೆಟ್ಟು ನಿಂತ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರು. ಹದಿನೆಂಟು ನಿಮಿಷ ಒಬ್ಬರೂ ಮಾತಾಡಲಿಲ್ಲ. ಇವರಿಗೆ ಸಂಭಾಷಣೆ ಬರೆದುಕೊಡುವವರು ಯಾರೂ ಇರಲಿಲ್ಲವೇ ಎಂದು ಮಾಸ್ತರು ಮರುಕಪಟ್ಟರು. ತಮಗೆ ಹೂಂ ಆದರೂ ಇದೆ ಎಂದು ಸ್ವಲ್ಪ ಗೆಲುವಾದರು.

ಪೋರ್ಚುಗಲ್‌ನ ನಾಟಕದಲ್ಲಿ ತಾಯಿ ಮಗಳು ಒಂದು ದೊಡ್ಡ ಹಾಸಿಗೆ ಬಟ್ಟೆ ಮಡಿಸುತ್ತಾರೆ. ಅಷ್ಟೇ. ಆ ತುದಿ ಒಬ್ಬಳು, ಈ ತುದಿ ಒಬ್ಬಳು, ಎಳೆದು, ಜಾಡಿಸಿ, ಹತ್ತಿರ ಬಂದು ತುದಿ ಕೈಗೆ ಕೊಟ್ಟು, ಮತ್ತೆ ದೂರ ಹೋಗುವುದು. ಮಗಳು ಮನೆ ಬಿಟ್ಟು ಹೋಗುತ್ತಿದ್ದಾಳೆ ಎಂದು ಯಾರೂ ಹೇಳಲಿಲ್ಲ, ಆದರೆ ಪ್ರತಿ ಮಡಿಕೆಗೂ ಬಟ್ಟೆ ಸಣ್ಣದಾಗುತ್ತ ಬಂತು, ಇಬ್ಬರೂ ಹತ್ತಿರವಾಗುತ್ತ ಬಂದರು, ಕೊನೆಯ ಮಡಿಕೆಗೆ ಬೆರಳಿಗೆ ಬೆರಳು ತಗುಲಿತು. ಅವ್ವ ಮತ್ತು ಅಕ್ಕ ಒಣಗಿದ ಸೀರೆ ಮಡಿಸುವುದನ್ನು ನಾನು ಸಾವಿರ ಸಲ ಕಂಡಿದ್ದೇನೆ. ಅದು ನಾಟಕ ಎಂದು ಯಾರೂ ಹೇಳಿರಲಿಲ್ಲ. ಪೋರ್ಚುಗೀಸ್ ಭಾಷೆಯ ಎರಡು ಮಾತು ಬಂದವು, ಅಲ್ಬೇನಿಯನ್ ಸಬ್‌ಟೈಟಲ್ ಬಂತು, ನನಗೆ ಎರಡೂ ತಿಳಿಯದೆ ಎಲ್ಲವೂ ತಿಳಿಯಿತು. ಪಕ್ಕಕ್ಕೆ ನೋಡಿದರೆ ಪದ್ಮಕ್ಕ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಮಾಸ್ತರು ಮಾತ್ರ ಆ ಬಟ್ಟೆಯ ಅಂಚು ಕೊನೆಗೂ ಸರಿ ಕೂಡಲಿಲ್ಲ ಎಂದರು.

ಬೆರಾತ್: ದ್ರಿತಾಳ ಅಜ್ಜಿ

ಮಧ್ಯಾಹ್ನ ಊಟಕ್ಕೆ ದ್ರಿತಾ ಮನೆಗೆ ಕರೆದೊಯ್ದಳು. ಬಾಗಿಲಲ್ಲಿ ನಿಂತಿದ್ದ ಅಜ್ಜಿಯನ್ನು ಕಂಡು ನಾನು ಮಾಸ್ತರ ಬೆನ್ನ ಹಿಂದೆ ಸರಿದೆ. ಮೊದಲ ಸಂಜೆ ಬೆರಳು ಆಡಿಸಿದವಳು ಅವಳೇ. ಆದರೆ ಅಜ್ಜಿ ನನ್ನ ಗಲ್ಲ ಹಿಂಡಿ ಒಳಗೆ ಕರೆದಳು. ಪದ್ಮಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೈ ಬಿಡಲೇ ಇಲ್ಲ.

ನಾನು ದ್ರಿತಾಳಿಗೆ ತಪ್ಪನ್ನೆಲ್ಲ ಒಪ್ಪಿಸಿದೆ. ಏನ್ರಿ ಹೆಸರಲ್ಲ, ಗಂಡನ ಹೆಸರು ಹೇಳಬಾರದೆಂದು ಹುಟ್ಟಿದ ಮಾತು, ಬಸವರಾಜನೇ ಗಂಡ. ದ್ರಿತಾ ಅದನ್ನು ಅಜ್ಜಿಗೆ ಹೇಳಿದಳು. ಅಜ್ಜಿ ಮೊಮ್ಮಗಳನ್ನು ಎಲ್ಲಿಂದ ಬಂದವಳಿವಳು ಎಂಬಂತೆ ನೋಡಿದಳು. ಮತ್ತೆ ಬೇರೆ ಯಾರು ಎಂದುಕೊಂಡಿದ್ದಿರಿ ಎಂದಳಂತೆ.

ಅಜ್ಜಿ ಆ ಸಂಜೆ ಕನ್ನಡಕ ಮನೆಯಲ್ಲೇ ಮರೆತು ಹೋಗಿದ್ದಳು. ನನ್ನ ಸಬ್‌ಟೈಟಲಿನ ಒಂದಕ್ಷರವೂ ಅವಳಿಗೆ ಕಂಡಿರಲಿಲ್ಲ. ಇಡೀ ಸಭೆಯಲ್ಲಿ ನಾಟಕ ಅರ್ಥವಾದದ್ದು, ನಾನು ಬರೆದದ್ದನ್ನು ಓದದ ಅವಳೊಬ್ಬಳಿಗೆ. ಅವಳ ಕಾಲದಲ್ಲಿ ಅವಳ ಹಳ್ಳಿಯಲ್ಲೂ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲವಂತೆ. ‘ಓ ತಿ’ ಎನ್ನುತ್ತಿದ್ದರಂತೆ, ಓ ನೀನು ಎಂದು. ಒಮ್ಮೆ ಆಸ್ಪತ್ರೆಯಲ್ಲಿ ಗುಮಾಸ್ತ ರೋಗಿಯ ಹೆಸರು ಕೇಳಿದಾಗ, ಇಗೋ ಮಲಗಿದ್ದಾನಲ್ಲ, ಅವನನ್ನೇ ಕೇಳಿಕೊ ಎಂದಳಂತೆ. ಮಾಸ್ತರು ತೊಡೆ ತಟ್ಟಿ ನಕ್ಕರು. ಅವರಿಗೆ ತಾಲೂಕು ಕಚೇರಿ ಸಿಕ್ಕ ಹಾಗಾಯಿತು. ಇಷ್ಟು ವರ್ಷ ಜೊತೆಗಿದ್ದ ದ್ರಿತಾಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಹಾಗಾದರೆ ನನಗೇಕೆ ಬೆರಳು ಆಡಿಸಿದೆ ಎಂದು ಕೇಳಿಸಿದೆ. ಅಷ್ಟು ಒಳ್ಳೆಯ ನಾಟಕದ ಕೊನೆಗೆ ಬಂದು ಕೂಗಿದ್ದಕ್ಕೆ ಎಂದು ಉತ್ತರ ಬಂತು.

ಪದ್ಮಕ್ಕ ತಲೆಯೆತ್ತಿದರು. “ಮೌನೇಶ, ನಾಳೆ ಸಬ್‌ಟೈಟಲ್ ಬ್ಯಾಡ.”

ನನಗೆ ಅವಮಾನವಾಯಿತು. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ತೆರೆದಿಟ್ಟು, ರಾತ್ರಿಯೆಲ್ಲ ಕೂತು ತಿದ್ದುತ್ತೇನೆ, ದ್ರಿತಾಳ ಕೈಯಲ್ಲಿ ಒಂದೊಂದು ಸಾಲೂ ಪರೀಕ್ಷೆ ಮಾಡಿಸುತ್ತೇನೆ ಎಂದೆ. ಬರಹವಿಲ್ಲದೆ ಜನಕ್ಕೆ ಹೇಗೆ ತಿಳಿದೀತು ಎಂದು ಎಲ್ಲರನ್ನೂ ಕೇಳಿದೆ. ನನ್ನ ಕೈ ಆಡುತ್ತಿರುವುದನ್ನು ನೋಡಿ, ಹುಡುಗ ಏನನ್ನುತ್ತಾನೆ ಎಂದು ಅಜ್ಜಿ ವಿಚಾರಿಸಿದಳು. ಅವಳು ಕೊಟ್ಟ ಉತ್ತರವನ್ನು ದ್ರಿತಾ ಇಂಗ್ಲಿಷಿಗೆ ತಂದಳು, ನಾನು ಅಲ್ಲಿಂದ ಕುಷ್ಟಗಿಗೆ ತಂದಿದ್ದೇನೆ.

“ನನ್ನ ಗಂಡ ನಲವತ್ತು ವರ್ಷ ಹೂಂ ಅಂದ. ಅದರ ಮ್ಯಾಲ ಯಾರೂ ಬರದು ತೋರಸಲಿಲ್ಲಪಾ. ನನಗ ತಿಳೀಲಿಲ್ಲೇನು?”

ಲ್ಯಾಪ್‌ಟಾಪ್ ಮುಚ್ಚಿದೆ.

ಬೆರಾತ್: ಭಾನುವಾರ, ಹನ್ನೊಂದು

ಎರಡನೇ ಪ್ರದರ್ಶನಕ್ಕೆ ಬಂದವರಲ್ಲಿ ಅರ್ಧ ಜನ ಮೊದಲ ಸಂಜೆ ಕಂಡವರೇ. ಎನ್ರಿಯ ಗತಿ ಏನಾಯಿತು ನೋಡಲು ನೆಂಟರನ್ನೂ ಕರೆತಂದಿದ್ದರು. ಶುರುವಾಗುವ ಮೊದಲು ದ್ರಿತಾ ಎರಡೇ ಮಾತು ಹೇಳಿದಳು: ಎನ್ರಿ ಯಾರ ಹೆಸರೂ ಅಲ್ಲ, ಇವತ್ತು ಬರಹ ಇರುವುದಿಲ್ಲ. ಸಭೆಯಲ್ಲಿ ಗುಸುಗುಸು. ಕಾಫಿ ಅಂಗಡಿಯ ಯಜಮಾನ ಎದ್ದು, ಹಾಗಾದರೆ ನಿನ್ನೆ ಕೊಟ್ಟ ಚೀಸಿನ ಕಥೆಯೇನು ಎಂದು ಕೇಳಿದನಂತೆ.

ನಾಟಕ ನಡೆಯಿತು. ಬಲಗೈಗೆ ಕೆಲಸವಿಲ್ಲದೆ ನಾನು ಪರದೆಯ ಸಂದಿಯಿಂದ ಮೊದಲ ಸಲ ನಮ್ಮ ನಾಟಕವನ್ನು ನೋಡಿದೆ. ಮೇಲೆ ಓದಲು ಏನೂ ಇಲ್ಲದ ಜನ ಪದ್ಮಕ್ಕನ ಮುಖವನ್ನು ಓದುತ್ತಿದ್ದರು. ಪ್ರತಿ ಏನ್ರಿಯೂ ಬೇರೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ: ಬೇಡುವುದು, ಬೈಯುವುದು, ಸುಮ್ಮನೆ ಇದ್ದೀರಾ ಎಂದು ಕೇಳುವುದು. ಇಂಥ ಮೂವತ್ತೆರಡನ್ನು ನಾನು ಒಂದೇ ಹೆಸರು ಮಾಡಿ ಮೇಲೆ ನೇತುಹಾಕಿದ್ದೆ. ಧ್ವನಿ ಕದಿಯುವುದೇ ಕಸುಬು ಎಂದು ಮೆರೆಯುವ ನನಗೆ ಇದು ಸಾಕಾಯಿತು.

ಪದ್ಮಕ್ಕ ಹೊರಬಂದರು, ಕೈ ಒರೆಸಿಕೊಂಡರು. ‘ಬಸವರಾಜ.’

ಈ ಸಲ ಯಾರೂ ಉಸಿರು ಎಳೆದುಕೊಳ್ಳಲಿಲ್ಲ. ಸದ್ದೇ ಇಲ್ಲ. ಪೇಪರ್ ನೆಲಕ್ಕೆ ಬಿದ್ದದ್ದು ಕೇಳಿಸಿತು. ಆ ನಿಶ್ಶಬ್ದದಲ್ಲಿ ಮೂರನೇ ಸಾಲಿನಲ್ಲಿ ಕೂತ ವಯಸ್ಸಾದ ಹೆಂಗಸೊಬ್ಬಳು ಪಕ್ಕದ ಮುದುಕನ ಕಡೆ ತಿರುಗಿ ಮೆಲ್ಲಗೆ ಒಂದೇ ಶಬ್ದ ಅಂದಳು. ಮುದುಕ ಬೆಚ್ಚಿ, ಟೋಪಿ ತೆಗೆದು, ಏನೋ ಅಂದ. ಸುತ್ತಲಿನವರು ಮೊದಲು ನಕ್ಕರು, ಆಮೇಲೆ ಅವಳ ಮುಖ ಕಂಡು ಸುಮ್ಮನಾದರು. ದ್ರಿತಾ ನಂತರ ಹೇಳಿದ್ದು: ಆಕೆ ಗಂಡನ ಹೆಸರು ಕರೆದಳು, ಅಗೀಮ್ ಎಂದು. ಅವನು, ನಾನೇನು ಮಾಡಿದೆ ಎಂದ.

ಪದ್ಮಕ್ಕ ಇದನ್ನು ಕೇಳಿ ರಂಗದ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾಟಿತ್ತು. ಈ ಸಲ ಅವರು ಬರೆದ ಹೆಸರೇ ನಾಟಿತ್ತು. ಬಿಡದವರು ಮಾಸ್ತರು ಮಾತ್ರ. ಪೇಪರ್ ಮಡಿಸಿ ಬಗಲಿಗಿಟ್ಟುಕೊಂಡು ಬಂದು ಎದುರು ನಿಂತರು.

“ಕೇಳಿದ್ರಿಲ್ರಿ ಮೇಡಂ? ಆ ಮುದುಕಗ ಒಂದು ಮಾತು ಐತಿ. ಅಲ್ಬೇನಿಯಾದ ಗಂಡಗ ಮಾತು ಐತಿ, ಯಲಬುರ್ಗಾದ ಗಂಡಗ ಇಲ್ಲ. ಇದು ಯಾವ ನ್ಯಾಯ್ರಿ?”

ಪದ್ಮಕ್ಕ ಅವರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ, ನಮ್ಮ ಸಿಮ್ ಅಲ್ಲಿ ನಡೆಯದ ಕಾರಣ, ದ್ರಿತಾಳ ಮುಂದೆ ಕೈ ಚಾಚಿ ಅವಳ ಫೋನ್ ಇಸಿದುಕೊಂಡರು. “ಗಂಡ ಏನಂತಾನ ಅಂತ ಗಂಡನ್ನ ಕೇಳೂಣು. ಆತಿಲ್ಲ?”

ನಂಬರನ್ನು ಬಾಯಿಪಾಠ ಒತ್ತಿದರು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ಶ್ರೀರಾಮನಗರದಲ್ಲಿ ಆಗ ಮಧ್ಯಾಹ್ನ ಇಳಿಯುವ ಹೊತ್ತು, ಭತ್ತದ ನಾಟಿಯ ಕಾಲ, ಭಾನುವಾರವೂ ಅಂಗಡಿ ತೆರೆದಿರುತ್ತದೆ. ನಾಲ್ಕು ರಿಂಗಿನ ಮೇಲೆ “ಹಲೋ” ಬಂತು. ಹಿಂದೆ ಚೀಲ ಎತ್ತಿ ಹಾಕುವ ಸದ್ದು, ಯೂರಿಯಾ ಎಷ್ಟು ಎಂದು ಯಾರೋ ಕೇಳುವ ಸದ್ದು. ಪದ್ಮಕ್ಕ ಸೆರಗಿಗೆ ಕೈ ಒರೆಸಿಕೊಂಡರು. ಅಲ್ಲಿ ಒರೆಸಲು ಏನೂ ಇರಲಿಲ್ಲ.

“ನಾಗೇಶ್ವರರಾವ್,” ಎಂದರು. ರಂಗದ ಮೇಲೆ ಅಂದದ್ದಕ್ಕಿಂತ ಮೆಲ್ಲಗೆ, ಸ್ಪಷ್ಟವಾಗಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಆ ಕಡೆ ಚೀಲದ ಸದ್ದು ನಿಂತಿತು. ಫ್ಯಾನು ತಿರುಗುವುದು ಮಾತ್ರ ಕೇಳುತ್ತಿತ್ತು. ಮಾಸ್ತರು ಕಿವಿಯನ್ನು ಫೋನಿಗೆ ತಾಗಿಸಿ ಬಾಗಿದ್ದರು, ತಮ್ಮ ಮಾತು ಕೊನೆಗೂ ಹುಟ್ಟುತ್ತಿದೆ ಎಂಬಂತೆ. ಆಮೇಲೆ ಯಜಮಾನರು ಉತ್ತರ ಕೊಟ್ಟು ಫೋನ್ ಇಟ್ಟರು. ಅವತ್ತಿನಿಂದ ಇವತ್ತಿನವರೆಗೆ ಶರಣಪ್ಪ ಮಾಸ್ತರು ಕೊನೆಗೊಂದು ಮಾತು ಬೇಕೆಂದು ಕೇಳಿಲ್ಲ. ಪೇಪರ್ ಬೀಳಿಸಿ ಸುಮ್ಮನೆ ಕೂರುತ್ತಾರೆ. ಆ ಉತ್ತರ, ಒಂದಕ್ಷರ ಹೆಚ್ಚು ಕಡಿಮೆ ಇಲ್ಲದೆ, ಇದು:

“ರಾಂಗ್ ನಂಬರ್ ಐತಮ್ಮಾ. ಇದು ಗೊಬ್ಬರದ ಅಂಗಡಿ.”